ಸ್ಮಾಲ್ ಮಾಲಿಕ್ಯೂಲ್ ಅಂದ್ರೆ ಏನು, ಎಲ್ಲಿ ಹೇಗೆ ಬಳಸ್ತಾರೆ

ಔಷಧಿ ಕಂಪನಿಗಳ ಸುದ್ದಿ ಓದೋರಿಗೆ, ಬಿ.ಫಾರ್ಮಾ, ಎಂ.ಎಸ್ಸಿ ಮಾಡ್ತಿರೋ ಮಕ್ಕಳಿಗೆ, ಷೇರು ಮಾರ್ಕೆಟ್ ನೋಡೋರಿಗೂ ಸೇರಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತೆ, ಸ್ಮಾಲ್ ಮಾಲಿಕ್ಯೂಲ್ ಅಂತ. ಸಣ್ಣ ಅಣು ಅಂದ್ಕೊಂಡು ಮುಂದೆ ಹೋಗಿಬಿಡ್ತೀವಿ. ಆದ್ರೆ ಅಣು ಅಂದ್ಮೇಲೆ ಎಲ್ಲಾನೂ ಸಣ್ಣದೇ ಅಲ್ವಾ, ಅದ್ರಲ್ಲಿ ಇನ್ನೇನು ಸಣ್ಣದು ದೊಡ್ಡದು? ಈ ಪ್ರಶ್ನೆ ಕೇಳಿದ್ರೆ ಡಿಗ್ರಿ ಮುಗಿಸಿದೋರೂ ಸ್ವಲ್ಪ ತಡವರಿಸ್ತಾರೆ. ಈ ಪದ ಸರಿಯಾಗಿ ಗೊತ್ತಾದ್ರೆ ನಿಮ್ಮ ಮನೇಲಿರೋ ಒಂದು ಔಷಧಿ ಯಾಕೆ ಮಾತ್ರೆ, ಇನ್ನೊಂದು ಯಾಕೆ ಇಂಜೆಕ್ಷನ್ನು, ಒಂದು ಯಾಕೆ ಕಪಾಟಲ್ಲಿ ಬಿದ್ದಿರುತ್ತೆ, ಇನ್ನೊಂದು ಯಾಕೆ ಫ್ರಿಜ್ಜಲ್ಲೇ ಇರ್ಬೇಕು, ಇದರಲ್ಲಿ ಬಹಳಷ್ಟು ಅರ್ಥ ಆಗುತ್ತೆ, ಅದಕ್ಕೇ ಇವತ್ತು ಇದನ್ನ ಇಟ್ಕೊಂಡು ಮಾತಾಡ್ತಿದೀನಿ.

ಮೊದಲು ತೂಕ. ಅಣುಗಳ ತೂಕ ಹೇಳೋಕೆ ಡಾಲ್ಟನ್ ಅನ್ನೋ ಅಳತೆ ಇದೆ, ಕಾರ್ಬನ್-12 ಪರಮಾಣುವಿನ ಹನ್ನೆರಡರಲ್ಲಿ ಒಂದು ಭಾಗ ಅಂದ್ರೆ ಒಂದು ಡಾಲ್ಟನ್. ನೀರಿನ ಅಣು 18. ಪ್ಯಾರಾಸಿಟಮಾಲ್ 151. ಕಾಫಿಯಲ್ಲಿರೋ ಕೆಫೀನ್ 194. ಗ್ಲೂಕೋಸ್ 180, ಆಸ್ಪಿರಿನ್ ಕೂಡ ಹೆಚ್ಚುಕಮ್ಮಿ 180, ಅದು ಕಾಕತಾಳೀಯ ಅಷ್ಟೇ, ಎರಡಕ್ಕೂ ಸಂಬಂಧ ಇಲ್ಲ. ನಾವು ಕಾಫಿಗೆ ಹಾಕೋ ಸಕ್ಕರೆ 342. ಇವೆಲ್ಲ ಸ್ಮಾಲ್ ಮಾಲಿಕ್ಯೂಲುಗಳು. ಈಗ ಇನ್ಸುಲಿನ್ ತಗೊಳ್ಳಿ, 5,808 ಡಾಲ್ಟನ್. ರಕ್ತದಲ್ಲಿರೋ ಹಿಮೋಗ್ಲೋಬಿನ್ 64,000ಕ್ಕೂ ಮೇಲೆ. ಕ್ಯಾನ್ಸರ್‌ಗೆ ಕೊಡೋ ಆಂಟಿಬಾಡಿ, ಅಂದ್ರೆ ರೋಗನಿರೋಧಕ ಪ್ರೋಟೀನ್ ಥರದ ಔಷಧಿಗಳು ಸುಮಾರು ಒಂದೂವರೆ ಲಕ್ಷ. ಆಸ್ಪಿರಿನ್ನಿನ ಒಂದು ಅಣು ಒಂದು ಕಡಲೆಬೀಜದಷ್ಟು ತೂಗುತ್ತೆ ಅಂತ ಇಟ್ಕೊಂಡ್ರೆ ಆಂಟಿಬಾಡಿ ಅನ್ನೋದು ಒಂದು ಸುಲಿದ ತೆಂಗಿನಕಾಯಿ. ಆಸ್ಪಿರಿನ್ನಲ್ಲಿರೋದು ಒಟ್ಟು 21 ಪರಮಾಣು, ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಅರ್ಧ ನಿಮಿಷದಲ್ಲಿ ಬರೆದುಬಿಡಬಹುದು. ಆಂಟಿಬಾಡಿಯಲ್ಲಿ ಸಾವಿರಾರು, ಅದನ್ನ ಬೋರ್ಡ್ ಮೇಲೆ ಬರೆಯೋ ಮಾತೇ ಇಲ್ಲ.

ಇಲ್ಲೇ ಒಂದು ಗೊಂದಲ ಬಿಡಿಸ್ಬೇಕು. ಸ್ಮಾಲ್ ಮಾಲಿಕ್ಯೂಲ್ ಅಂದ್ರೆ ಸಣ್ಣ ಮಾತ್ರೆ ಅಲ್ಲ, ಕಮ್ಮಿ ಡೋಸೂ ಅಲ್ಲ, ಪವರ್ ಕಮ್ಮಿ ಅಂತಾನೂ ಅಲ್ಲ, ಮತ್ತೆ ನ್ಯಾನೋ ಅಂತ ಬರುತ್ತಲ್ಲ ಅದಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ. ಪ್ಯಾರಾಸಿಟಮಾಲ್ 500 ಮಿಲಿಗ್ರಾಮ್ ಮಾತ್ರೆ ಒಂದರಲ್ಲಿ ಎಷ್ಟು ಅಣು ಇರುತ್ತೆ ಅಂದ್ರೆ 2 ಹಾಕಿ ಅದರ ಮುಂದೆ 21 ಸೊನ್ನೆ. ಮಾತ್ರೆ ದಪ್ಪ ಇರಬಹುದು, ನುಂಗೋಕೆ ಕಷ್ಟ ಆಗಬಹುದು, ಒಳಗಿರೋ ಒಂದೊಂದು ಅಣು ಮಾತ್ರ ಸಣ್ಣದೇ.

ಇನ್ನು ಈ ಪದಕ್ಕೆ ಅರ್ಥ ಬಂದಿದ್ದು ಹೇಗೆ ಅನ್ನೋದು. ನೂರು ವರ್ಷದ ಹಿಂದೆ ಸ್ಮಾಲ್ ಮಾಲಿಕ್ಯೂಲ್ ಅಂತ ಬೇರೆ ಮಾಡಿ ಹೇಳೋ ಅಗತ್ಯಾನೇ ಇರಲಿಲ್ಲ, ಯಾಕಂದ್ರೆ ಅಣು ಅನ್ನೋದು ಸಣ್ಣದಾಗೇ ಇರೋದು ಅಂತ ಆಗಿನ ದೊಡ್ಡ ದೊಡ್ಡ ಕೆಮಿಸ್ಟುಗಳು ನಂಬಿದ್ರು. ರಬ್ಬರು, ಹತ್ತಿ, ರೇಷ್ಮೆ ಇವೆಲ್ಲ ಸಣ್ಣ ಅಣುಗಳು ಗುಂಪುಗೂಡಿ ಅಂಟಿಕೊಂಡಿರೋದು ಅಂತ ವಾದ. ಜರ್ಮನಿಯ ಹೆರ್ಮಾನ್ ಸ್ಟೌಡಿಂಗರ್ ಅನ್ನೋರು ಇಲ್ಲ, ಸಾವಿರಾರು ಪರಮಾಣು ಒಂದೇ ಸರಪಳಿಯಾಗಿ ಗಟ್ಟಿ ಬಾಂಡಲ್ಲಿ ಜೋಡಿಸಿಕೊಂಡಿರೋ ದೈತ್ಯ ಅಣುಗಳಿವೆ ಅಂದ್ರು, 1922ರಲ್ಲಿ ಅದಕ್ಕೆ ಮ್ಯಾಕ್ರೋಮಾಲಿಕ್ಯೂಲ್ ಅಂತ ಹೆಸರಿಟ್ರು. ಬಹಳ ಜನ ಒಪ್ಪಲಿಲ್ಲ, ವರ್ಷಗಟ್ಟಲೆ ಜಗಳ ನಡೀತು, 1953ರಲ್ಲಿ ಅವರಿಗೆ ನೊಬೆಲ್ ಬಂತು. ದೊಡ್ಡದು ಅಂತ ಒಂದಿದೆ ಅಂತ ಒಪ್ಪಿದ ಮೇಲಷ್ಟೇ ಮಿಕ್ಕಿದ್ದನ್ನ ಸಣ್ಣದು ಅಂತ ಕರೆಯೋದಕ್ಕೆ ಅರ್ಥ. ಹಾಗಾಗಿ ಸ್ಮಾಲ್ ಮಾಲಿಕ್ಯೂಲ್ ಅನ್ನೋದನ್ನ ಯಾವತ್ತೂ ಒಂಟಿಯಾಗಿ ಓದಬೇಡಿ, ಪ್ರೋಟೀನು, ಡಿಎನ್‌ಎ, ಪಿಷ್ಟ ಇವುಗಳ ಪಕ್ಕದಲ್ಲಿಟ್ಟು ಓದಿ.

ಗಡಿ ಎಲ್ಲಿ? ಒಂದೇ ಗಡಿ ಅಂತ ಇಲ್ಲ, ಯಾರನ್ನ ಕೇಳ್ತೀರಿ ಅನ್ನೋದರ ಮೇಲೆ ಹೋಗುತ್ತೆ. ಬಯಾಲಜಿಯೋರು ಸುಮಾರು 900, ಸಾವಿರ ಡಾಲ್ಟನ್ ಅಂತಾರೆ. ರಕ್ತ, ಮೂತ್ರದಲ್ಲಿರೋ ಎಲ್ಲಾ ಮೆಟಬೊಲೈಟುಗಳನ್ನ, ಅಂದ್ರೆ ದೇಹದ ರಾಸಾಯನಿಕ ಕ್ರಿಯೆಗಳಲ್ಲಿ ಬರೋ ಸಣ್ಣ ವಸ್ತುಗಳನ್ನ, ಪಟ್ಟಿ ಮಾಡೋರು 1,500 ತನಕ ಸೇರಿಸಿಕೊಳ್ತಾರೆ. ಔಷಧಿ ಡಿಸೈನ್ ಮಾಡೋರ ತಲೇಲಿ ಕೂತಿರೋ ನಂಬರು 500. ಅದು ಬಂದಿದ್ದು ಫೈಜರ್ ಕಂಪನೀಲಿದ್ದ ಕ್ರಿಸ್ಟೋಫರ್ ಲಿಪಿನ್ಸ್ಕಿ ಅವರಿಂದ, 1997ರಲ್ಲಿ. ಬಾಯಿಂದ ತಗೊಂಡ ಔಷಧಿ ಚೆನ್ನಾಗಿ ಹೀರಿಕೊಳ್ಳಬೇಕಾದ್ರೆ ತೂಕ 500 ಮೀರಬಾರದು, ಕೊಬ್ಬಿನಲ್ಲಿ ಕರಗೋ ಗುಣ ಇಷ್ಟೇ ಇರ್ಬೇಕು, ಹೈಡ್ರೋಜನ್ ಬಾಂಡ್ ಕೊಡೋ ಜಾಗ 5 ಮೀರಬಾರದು, ತಗೊಳ್ಳೋ ಜಾಗ 10 ಮೀರಬಾರದು ಅಂತ. ಇದನ್ನ ರೂಲ್ ಆಫ್ ಫೈವ್ ಅಂತಾರೆ, ಐದು ನಿಯಮ ಅಂತ ಬಹಳ ಮಕ್ಕಳು ಬಾಯಿಪಾಠ ಮಾಡ್ಕೊಂಡು ಐದನೇದು ಯಾವುದು ಅಂತ ಹುಡುಕ್ತಾ ಇರ್ತಾರೆ, ಇರೋದು ನಾಲ್ಕೇ, ಎಲ್ಲಾ ನಂಬರೂ ಐದರ ಗುಣಕ ಆಗಿರೋದಕ್ಕೆ ಆ ಹೆಸರು. ಮತ್ತೆ ಅದು ಕಾನೂನಲ್ಲ. ಒಂದು ಷರತ್ತು ಮುರಿದ್ರೂ ನಡೆಯುತ್ತೆ, ಎರಡು ಮುರಿದ್ರೆ ಕಷ್ಟ ಅಂತ ಅವರೇ ಹೇಳಿದ್ದು. ಕೊಲೆಸ್ಟರಾಲ್‌ಗೆ ಎಷ್ಟೋ ಜನ ದಿನಾ ರಾತ್ರಿ ನುಂಗೋ ಅಟೋರ್ವಾಸ್ಟಾಟಿನ್ 559 ಡಾಲ್ಟನ್. ಕಿಡ್ನಿ ಕಸಿ ಆದೋರಿಗೆ ಕೊಡೋ ಸೈಕ್ಲೋಸ್ಪೋರಿನ್ 1,200 ದಾಟುತ್ತೆ, ಆದ್ರೂ ಬಾಯಿಂದಾನೇ ತಗೊಳ್ತಾರೆ.

ತೂಕದ ಮೇಲೆ ಯಾಕಿಷ್ಟು ಗಮನ ಅಂದ್ರೆ, ತೂಕ ಒಂದು ಗುರುತು ಅಷ್ಟೇ, ನಿಜವಾಗಿ ನಮಗೆ ಬೇಕಿರೋ ಉತ್ತರ ಈ ಅಣು ದೇಹದಲ್ಲಿ ಎಲ್ಲೆಲ್ಲಿ ಹೋಗಬಲ್ಲದು ಅನ್ನೋದು. ಪ್ರೋಟೀನ್ ಔಷಧಿನ ನುಂಗಿದ್ರೆ ಹೊಟ್ಟೆ ಅದನ್ನ ಬೇಳೆ, ಮೊಟ್ಟೆ ಥರಾನೇ ನೋಡುತ್ತೆ, ಪೆಪ್ಸಿನ್ನು ಟ್ರಿಪ್ಸಿನ್ನು ಸೇರಿ ತುಂಡು ತುಂಡು ಮಾಡಿಬಿಡುತ್ತೆ. ಇನ್ಸುಲಿನ್ ಚುಚ್ಚಿಕೊಳ್ಳೋದು ಅದಕ್ಕೇ. ಉಳಿದ್ರೂ ಅಷ್ಟು ದೊಡ್ಡದು ಕರುಳಿನ ಗೋಡೆ ದಾಟಲ್ಲ. ಸಣ್ಣ ಅಣು, ಅದೂ ಸ್ವಲ್ಪ ಕೊಬ್ಬಿನ ಸ್ವಭಾವ ಇರೋದು, ಜೀವಕೋಶದ ಪೊರೆಯೊಳಗೇ ನುಸುಳಿ ಆ ಕಡೆ ಬರುತ್ತೆ.

ಈಗ ನನಗೆ ಬಹಳ ಇಷ್ಟದ ಒಂದು ಉದಾಹರಣೆಗೆ ಬರ್ತೀನಿ, ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಸುಗುನ್ನಿ ಕಾಯಿ ನೋಡಿದೀರಾ? ಹಳ್ಳಿ ಕಡೆಯೋರು, ಮಲೆನಾಡಿನೋರು ನೋಡಿರ್ತೀರಿ, ಬೇಲಿ ಮೇಲೆ ಹಬ್ಬಿರುತ್ತೆ, ಕಾಯಿ ಮೇಲೆ ಕಂದು ಬಣ್ಣದ ಸಣ್ಣ ರೋಮ, ಮೈಗೆ ತಾಗಿದ್ರೆ ತುರಿಕೆ ತಡೆಯೋಕಾಗಲ್ಲ. ಆ ರೋಮದಲ್ಲಿ ತುರಿಕೆ ತರೋದು ಮ್ಯುಕುನೈನ್ ಅನ್ನೋ ಕಿಣ್ವ, ಅಂದ್ರೆ ಪ್ರೋಟೀನು, ದೊಡ್ಡ ಅಣು. ಅದು ಸುಮ್ನೆ ಚರ್ಮದ ಮೇಲೆ ಬಿದ್ರೆ ಒಳಗೆ ಹೋಗೋ ಗಾತ್ರದ್ದಲ್ಲ, ಆ ಚೂಪಾದ ರೋಮ ಸೂಜಿ ಥರ ಚುಚ್ಚಿ ಒಳಗಿಡುತ್ತೆ, ಅದಕ್ಕೇ ಉರಿ. ಅದೇ ಕಾಯಿ ಬಿಡಿಸಿದ್ರೆ ಒಳಗೆ ಬೀಜ. ಆ ಬೀಜದಲ್ಲಿ ಲೆವೊಡೋಪಾ ಅನ್ನೋ ಸ್ಮಾಲ್ ಮಾಲಿಕ್ಯೂಲ್ ಇದೆ, 197 ಡಾಲ್ಟನ್. 1937ರಲ್ಲೇ ನಮ್ಮ ದೇಶದ ದಾಮೋದರನ್ ಮತ್ತು ರಾಮಸ್ವಾಮಿ ಅನ್ನೋ ವಿಜ್ಞಾನಿಗಳು ಅದನ್ನ ಆ ಬೀಜದಿಂದ ಬೇರ್ಪಡಿಸಿ ಪ್ರಕಟಿಸಿದ್ರು. ಒಂದೇ ಗಿಡ, ಸಿಪ್ಪೆ ಮೇಲೆ ದೊಡ್ಡ ಅಣು, ಬೀಜದೊಳಗೆ ಸಣ್ಣ ಅಣು.

ಲೆವೊಡೋಪಾ ಯಾತಕ್ಕೆ ಅಂದ್ರೆ ಪಾರ್ಕಿನ್ಸನ್ ಕಾಯಿಲೆಗೆ. ಕೈ ನಡುಗೋದು, ನಡಿಗೆ ನಿಧಾನ ಆಗೋದು, ಮೈ ಬಿಗಿಯಾಗೋದು, ನಿಮ್ಮ ಮನೆ ಹಿರಿಯರಲ್ಲಿ ಯಾರಿಗಾದ್ರೂ ಇರಬಹುದು. ಮೆದುಳಲ್ಲಿ ಡೋಪಮೈನ್ ಕಮ್ಮಿ ಆಗೋದೇ ಅದರ ಮೂಲ. ಹಾಗಾದ್ರೆ ಡೋಪಮೈನನ್ನೇ ಕೊಡಬಹುದಲ್ಲ? ಅದು ಬರೀ 153 ಡಾಲ್ಟನ್, ಲೆವೊಡೋಪಾಗಿಂತ ಇನ್ನೂ ಸಣ್ಣದು. ಐಸಿಯುನಲ್ಲಿ ಬಿಪಿ ಬಿದ್ದೋರಿಗೆ ಡೋಪಮೈನ್ ಡ್ರಿಪ್ ಕೊಡೋದುಂಟು, ಆದ್ರೆ ಆ ಡೋಪಮೈನ್ ರಕ್ತದಲ್ಲೇ ಸುತ್ತುತ್ತೆ, ಮೆದುಳಿಗೆ ಹೋಗಲ್ಲ. ಮೆದುಳಿನ ರಕ್ತನಾಳಗಳಿಗೆ ಬಹಳ ಬಿಗಿಯಾದ ತಡೆಗೋಡೆ ಇದೆ, ಡೋಪಮೈನ್ ನಮ್ಮ ರಕ್ತದಲ್ಲಿ ಚಾರ್ಜ್ ಹೊತ್ತುಕೊಂಡಿರೋ ಅಣು, ಕೊಬ್ಬಿನ ಪೊರೆ ಅದನ್ನ ಬಿಟ್ಕೊಳ್ಳಲ್ಲ, ಸಾಗಿಸೋ ಪ್ರೋಟೀನೂ ಅಲ್ಲಿ ಇಲ್ಲ. ಲೆವೊಡೋಪಾ ತೂಕದಲ್ಲಿ ಜಾಸ್ತಿ ಇದ್ರೂ ಒಳಗೆ ಹೋಗುತ್ತೆ, ಹೇಗಂದ್ರೆ ಅದು ಅಮೈನೋ ಆಸಿಡ್, ನಾವು ತಿನ್ನೋ ಪ್ರೋಟೀನಿಂದ ಬರೋ ಅಮೈನೋ ಆಸಿಡ್‌ಗಳನ್ನ ಮೆದುಳಿಗೆ ದಾಟಿಸೋಕೆ ಇರೋ ಬಾಗಿಲಲ್ಲೇ ಇದೂ ದಾಟುತ್ತೆ, ಒಳಗೆ ಹೋದಮೇಲೆ ಡೋಪಮೈನ್ ಆಗಿ ಬದಲಾಗುತ್ತೆ. ಈ ಬಾಗಿಲಿಗೆ ವಿಜ್ಞಾನಿಗಳು ಇಟ್ಟಿರೋ ಹೆಸರು ನೋಡಿ, ಲಾರ್ಜ್ ಅಮೈನೋ ಆಸಿಡ್ ಟ್ರಾನ್ಸ್‌ಪೋರ್ಟರ್. 200 ಡಾಲ್ಟನ್ ಸುತ್ತಮುತ್ತಲಿನ ಅಣುಗಳು ಅಲ್ಲಿ ಲಾರ್ಜು, ಯಾಕಂದ್ರೆ ಅಲ್ಲಿ ಹೋಲಿಕೆ ಗ್ಲೈಸಿನ್ ಥರದ ಪುಟ್ಟ ಅಮೈನೋ ಆಸಿಡ್ ಜೊತೆ. ಪಠ್ಯದಲ್ಲಿ ಸ್ಮಾಲ್, ಲಾರ್ಜ್ ಬಂದಾಗಲೆಲ್ಲ ಯಾವುದರ ಪಕ್ಕದಲ್ಲಿ ಅಂತ ಕೇಳ್ಕೊಳ್ಳಿ ಅಂತ ನಾನು ಕ್ಲಾಸಲ್ಲಿ ಹೇಳೋದು ಈ ಕಾರಣಕ್ಕೆ.

ಮತ್ತೆ ಇದು ಬರೀ ಪುಸ್ತಕದ ವಿಷಯ ಅಲ್ಲ. ಪಾರ್ಕಿನ್ಸನ್ ಇರೋರಿಗೆ ಮಾತ್ರೆನ ಊಟಕ್ಕೆ ಅರ್ಧ ಗಂಟೆ ಮುಂಚೆ ತಗೊಳ್ಳಿ ಅಂತ ಡಾಕ್ಟರು ಸಾಮಾನ್ಯವಾಗಿ ಹೇಳ್ತಾರಲ್ಲ, ಬೇಳೆ, ಮೊಟ್ಟೆ, ಹಾಲು ಜಾಸ್ತಿ ಇರೋ ಊಟದ ಜೊತೆ ತಗೊಂಡ್ರೆ ಅದರ ಅಮೈನೋ ಆಸಿಡ್‌ಗಳೂ ಅದೇ ಬಾಗಿಲಿಗೆ ನುಗ್ಗುತ್ವೆ, ಲೆವೊಡೋಪಾಗೆ ಜಾಗ ಸಿಗಲ್ಲ, ಮಾತ್ರೆ ಕೆಲಸ ಮಾಡಲಿಲ್ಲ ಅನ್ಸುತ್ತೆ. ಅದೇ ಮಾತ್ರೆಯಲ್ಲಿ ಜೊತೆಗೆ ಕಾರ್ಬಿಡೋಪಾ ಅನ್ನೋ ಇನ್ನೊಂದು ಸ್ಮಾಲ್ ಮಾಲಿಕ್ಯೂಲ್ ಇರುತ್ತೆ, 226 ಡಾಲ್ಟನ್, ಅದನ್ನ ಹಾಕಿರೋದು ಅದು ಮೆದುಳಿಗೆ ಹೋಗಲ್ಲ ಅನ್ನೋ ಕಾರಣಕ್ಕೇ. ಲೆವೊಡೋಪಾ ದಾರಿ ಮಧ್ಯದಲ್ಲೇ, ರಕ್ತದಲ್ಲೇ ಡೋಪಮೈನ್ ಆಗಿಬಿಡದ ಹಾಗೆ ಹೊರಗಿದ್ದು ಕಾಯುತ್ತೆ. ಮೂರು ಅಣು, ಮೂರೂ ಸಣ್ಣವು, ಮೂರರದ್ದೂ ಮೂರು ದಾರಿ.

ಇದರ ಹಿಂದಿನ ಪ್ರಯೋಗದಲ್ಲೂ ನಮ್ಮ ಕಡೆಯ ಗಿಡ ಒಂದಿದೆ. ಸರ್ಪಗಂಧದ ಬೇರಿಂದ 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸಿಬಾ ಕಂಪನಿಯೋರು ರಿಸರ್ಪಿನ್ ತೆಗೆದ್ರು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅದನ್ನ ಮೊಲಗಳಿಗೆ ಕೊಟ್ರು, ಅದು ಮೆದುಳಿನ ಡೋಪಮೈನ್ ಖಾಲಿ ಮಾಡುತ್ತೆ, ಮೊಲಗಳು ಅಲ್ಲಾಡದೆ ಮರದ ಬೊಂಬೆ ಥರ ಕೂತುಬಿಟ್ವು, ಆಮೇಲೆ ಡೋಪಾ ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ಮತ್ತೆ ಓಡಾಡೋಕೆ ಶುರು ಮಾಡಿದ್ವು. ಆ ಸಂಶೋಧನೆಗೆ 2000ದಲ್ಲಿ ನೊಬೆಲ್. ರಿಸರ್ಪಿನ್ ತೂಕ 609, ಲಿಪಿನ್ಸ್ಕಿ ಗಡಿ ಮೀರಿದ್ದು, ಆದ್ರೂ ಮೆದುಳಿಗೆ ಹೋಗುತ್ತೆ, ಕೊಬ್ಬಿನಲ್ಲಿ ಕರಗೋ ಸ್ವಭಾವ ಅದಕ್ಕಿದೆ. 153 ಹೊರಗೆ, 609 ಒಳಗೆ. ತೂಕ ನೋಡಿ ಅಂದಾಜು ಮಾಡಬಹುದು, ತೀರ್ಪು ಕೊಡೋಕಾಗಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಇದು ನನಗೆ ನಿಜವಾಗಲೂ ಬೇಜಾರು ತರೋ ವಿಷಯ. ವಾಟ್ಸಾಪಲ್ಲಿ ಕೆಮಿಕಲ್ ಔಷಧಿ, ನ್ಯಾಚುರಲ್ ಔಷಧಿ ಅಂತ ಎರಡು ಪಂಗಡ ಮಾಡಿ ಹಂಚ್ತಾರೆ. ನಸುಗುನ್ನಿ ಬೀಜದ ಲೆವೊಡೋಪಾ, ಫ್ಯಾಕ್ಟರಿಯ ಲೆವೊಡೋಪಾ ಎರಡೂ ಒಂದೇ ಅಣು, ಪರಮಾಣು ಪರಮಾಣುನೂ ಒಂದೇ. ವ್ಯತ್ಯಾಸ ಇರೋದು ಅಳತೆಯಲ್ಲಿ. ಮಾತ್ರೆಯಲ್ಲಿ ಎಷ್ಟಿದೆ ಅಂತ ಬರೆದಿರುತ್ತೆ, ಬೀಜದ ಪುಡಿಯಲ್ಲಿ ಗಿಡದಿಂದ ಗಿಡಕ್ಕೆ ಬದಲಾಗುತ್ತೆ, ಜೊತೆಗೆ ಕಾರ್ಬಿಡೋಪಾ ಇಲ್ಲ. ಮಾತ್ರೆ ತಗೊಳ್ತಿರೋರು ಡಾಕ್ಟರಿಗೆ ಹೇಳದೆ ಈ ಪುಡಿನೂ ಸೇರಿಸಿಕೊಂಡ್ರೆ ಡೋಸ್ ಎಲ್ಲಿಗೋ ಹೋಗುತ್ತೆ, ದಯವಿಟ್ಟು ಹಾಗೆ ಮಾಡಬೇಡಿ. ಪೆನಿಸಿಲಿನ್ನೂ ಅಷ್ಟೇ, ಬೂಷ್ಟಿಂದ, ಅಂದ್ರೆ ಫಂಗಸ್ಸಿಂದ ಬಂದಿದ್ದು, 334 ಡಾಲ್ಟನ್, ಸ್ಮಾಲ್ ಮಾಲಿಕ್ಯೂಲ್. ಎಲ್ಲಿಂದ ಬಂತು, ಯಾರು ಮಾಡಿದ್ರು ಅನ್ನೋದಕ್ಕೂ ಈ ಪದಕ್ಕೂ ಸಂಬಂಧಾನೇ ಇಲ್ಲ.

ಈಗ ಕ್ಯಾನ್ಸರ್ ಔಷಧಿಗೆ ಬನ್ನಿ, ಪದದ ಬಳಕೆ ಸ್ಪಷ್ಟವಾಗಿ ಕಾಣೋದು ಇಲ್ಲೇ. ಇಮ್ಯಾಟಿನಿಬ್ ಅಂತ ಒಂದು ಬ್ಲಡ್ ಕ್ಯಾನ್ಸರ್ ಮಾತ್ರೆ, 494 ಡಾಲ್ಟನ್, ಅಮೆರಿಕಾದಲ್ಲಿ 2001ರಲ್ಲಿ ಒಪ್ಪಿಗೆ ಸಿಕ್ಕಿದ್ದು. ಕಾಯಿಲೆ ತರೋ ಪ್ರೋಟೀನ್ ಜೀವಕೋಶದ ಒಳಗಿದೆ, ಸಣ್ಣ ಅಣು ಆಗಿರೋದ್ರಿಂದ ಇದು ಒಳಗೆ ಹೋಗಿ ಅದರ ಸಂದಿಯಲ್ಲಿ ಕೂತು ಕೆಲಸ ನಿಲ್ಲಿಸುತ್ತೆ. ಟ್ರಾಸ್ಟುಜುಮ್ಯಾಬ್ ಅಂತ ಸ್ತನ ಕ್ಯಾನ್ಸರಿಗೆ ಕೊಡೋದು, ಆಂಟಿಬಾಡಿ, ಸುಮಾರು ಒಂದೂವರೆ ಲಕ್ಷ ಡಾಲ್ಟನ್, ಜೀವಕೋಶದ ಹೊರಮೈ ಮೇಲಿರೋ ಹರ್-2 ಪ್ರೋಟೀನಿಗೆ ಹೊರಗಿಂದಲೇ ಅಂಟುತ್ತೆ. ಹೆಸರಿನ ಬಾಲ ನೋಡಿದ್ರೇ ಗೊತ್ತಾಗುತ್ತೆ, ನಿಬ್ ಅಂತ ಮುಗಿದ್ರೆ ಸಾಮಾನ್ಯವಾಗಿ ಸಣ್ಣ ಅಣು, ಮ್ಯಾಬ್ ಅಂತ ಮುಗಿದ್ರೆ ಮೋನೋಕ್ಲೋನಲ್ ಆಂಟಿಬಾಡಿ. ಈ ಬಾಲಗಳನ್ನ ನಿಗದಿ ಮಾಡೋದು ವಿಶ್ವ ಆರೋಗ್ಯ ಸಂಸ್ಥೆ. ಮ್ಯಾಬ್‌ಗಳು ಲೆಕ್ಕವಿಲ್ಲದಷ್ಟಾಗಿ 2021ರಲ್ಲಿ ಹೊಸ ಆಂಟಿಬಾಡಿಗಳಿಗೆ ಬೇರೆ ಬಾಲಗಳನ್ನ ಕೊಡೋ ತೀರ್ಮಾನ ಆಯ್ತು, ಹಳೇ ಹೆಸರು ಹಾಗೇ ಇವೆ.

ದುಡ್ಡಿನ ವಿಷಯಕ್ಕೂ ಇದೇ ಗಡಿ. ಸಣ್ಣ ಅಣುವನ್ನ ತದ್ರೂಪು ಮಾಡಬಹುದು. ದಾರಿ ಬೇರೆ ಹಿಡಿದ್ರೂ ಕೊನೆಗೆ ಬರೋ ಅಣು ಅದೇ, ಪರೀಕ್ಷೆ ಮಾಡಿ ಅದೇ ಅಂತ ತೋರಿಸಬಹುದು. ನಮ್ಮ 1970ರ ಪೇಟೆಂಟ್ ಕಾಯಿದೆ ಔಷಧಿಗೆ ಪೇಟೆಂಟ್ ಕೊಡದೆ ಮಾಡೋ ವಿಧಾನಕ್ಕೆ ಮಾತ್ರ ಕೊಡ್ತಿತ್ತು, 2005ರ ತನಕ ಹಾಗೇ ಇತ್ತು, ಭಾರತದ ಜನರಿಕ್, ಅಂದ್ರೆ ಬೇರೆ ಕಂಪನಿ ಔಷಧಿಯ ತದ್ರೂಪು ಮಾಡೋ ಉದ್ಯಮ ಬೆಳೆದಿದ್ದು ಆ ಕಾಲದಲ್ಲಿ. ಆ ಕಾಯಿದೆ ಕೆಲಸಕ್ಕೆ ಬಂದಿದ್ದು ಔಷಧಿಗಳು ಹೆಚ್ಚಾಗಿ ಸ್ಮಾಲ್ ಮಾಲಿಕ್ಯೂಲ್ ಆಗಿದ್ದಕ್ಕೆ, ಇದನ್ನ ಬಹಳ ಜನ ಗಮನಿಸಲ್ಲ. ಇಮ್ಯಾಟಿನಿಬ್‌ನದ್ದೇ ಒಂದು ಸ್ಫಟಿಕ ರೂಪಕ್ಕೆ ನೊವಾರ್ಟಿಸ್ ಅನ್ನೋ ಔಷಧಿ ಕಂಪನಿ ಪೇಟೆಂಟ್ ಕೇಳಿ, 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಕೊಡಲ್ಲ ಅಂತು. ಸೆಕ್ಷನ್ 3(ಡಿ) ಅಂತ ಪ್ರಸಿದ್ಧ ಆಯ್ತಲ್ಲ, ಅದೇ ಕೇಸು. ಗೊತ್ತಿರೋ ಔಷಧಿಯ ಹೊಸ ರೂಪ ತಂದ್ರೆ ಸಾಲದು, ಅದರ ಗುಣ ಹೆಚ್ಚಿರೋದು ತೋರಿಸ್ಬೇಕು ಅಂತ.

ಆಂಟಿಬಾಡಿ ವಿಷಯದಲ್ಲಿ ಹೀಗೆ ನಡೆಯಲ್ಲ. ಅದನ್ನ ಮಾಡೋದು ಜೀವಂತ ಕೋಶಗಳು, ಬಹಳಷ್ಟು ಸಲ ಹ್ಯಾಮ್‌ಸ್ಟರ್ ಅನ್ನೋ ಪ್ರಾಣಿಯಿಂದ ಬಂದ ಕೋಶಗಳು, ಅವು ಪ್ರೋಟೀನಿಗೆ ಸಕ್ಕರೆ ಸರಪಳಿಗಳನ್ನ ಅಂಟಿಸುತ್ವೆ, ಬ್ಯಾಚಿಂದ ಬ್ಯಾಚಿಗೇ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ. ಅದಕ್ಕೇ ಅದರ ನಕಲಿಗೆ ಜನರಿಕ್ ಅನ್ನಲ್ಲ, ಬಯೋಸಿಮಿಲರ್ ಅಂತಾರೆ, ಸಾಕಷ್ಟು ಹೋಲುತ್ತೆ ಅಂತ ಸಾಬೀತು ಮಾಡ್ಬೇಕು, ಖರ್ಚೂ ಜಾಸ್ತಿ. ನಮ್ಮ ಬೆಂಗಳೂರಲ್ಲೇ ಇದರ ಎರಡೂ ಕಡೆ ನೋಡಬಹುದು. 1978ರಲ್ಲಿ ಶುರುವಾದ ಬಯೋಕಾನ್ ಮೊದಲು ಮಾಡಿದ್ದು ಪರಂಗಿ ಹಾಲಿಂದ ಪಪೈನ್ ಥರದ ಕಿಣ್ವ, ಅಂದ್ರೆ ದೊಡ್ಡ ಅಣು. ಪಪೈನೂ ಆ ನಸುಗುನ್ನಿ ಕಿಣ್ವಾನೂ ಒಂದೇ ಜಾತಿಯವು ಅನ್ನೋದು ಪ್ರಾಸಂಗಿಕವಾಗಿ ಹೇಳ್ತೀನಿ. ಆಮೇಲೆ ಫರ್ಮೆಂಟೇಶನ್ನಲ್ಲಿ ಸ್ಟಾಟಿನ್‌ಗಳು, ಅವು ಸಣ್ಣ ಅಣು. ಆಮೇಲೆ ಇನ್ಸುಲಿನ್, ಆಂಟಿಬಾಡಿ. ಮೈಲಾನ್ ಅನ್ನೋ ಕಂಪನಿ ಜೊತೆ ಸೇರಿ ಮಾಡಿದ ಟ್ರಾಸ್ಟುಜುಮ್ಯಾಬ್ ಬಯೋಸಿಮಿಲರ್‌ಗೆ 2017ರ ಡಿಸೆಂಬರಲ್ಲಿ ಅಮೆರಿಕಾದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಆ ಔಷಧಿಗೆ ಅಲ್ಲಿ ಸಿಕ್ಕ ಮೊದಲ ಬಯೋಸಿಮಿಲರ್ ಒಪ್ಪಿಗೆ ಅದು.

ಕಾನೂನಿನೋರ ಬಾಯಲ್ಲಿ ಈ ಪದ ಬಂದಾಗ ಮಾತ್ರ ಹುಷಾರಾಗಿರ್ಬೇಕು, ಅಲ್ಲಿ ಅರ್ಥ ಸ್ವಲ್ಪ ಜಾರುತ್ತೆ. ಅಮೆರಿಕಾದಲ್ಲಿ 2022ರ ಒಂದು ಕಾಯಿದೆ ಪ್ರಕಾರ ಸರ್ಕಾರ ಕೆಲವು ದುಬಾರಿ ಔಷಧಿಗಳ ಬೆಲೆ ಚೌಕಾಶಿ ಮಾಡುತ್ತೆ, ಒಪ್ಪಿಗೆ ಸಿಕ್ಕಿ ಸುಮಾರು 9 ವರ್ಷ ಆದಮೇಲೆ ಸ್ಮಾಲ್ ಮಾಲಿಕ್ಯೂಲ್‌ಗಳಿಗೆ ಆ ಬೆಲೆ ಬರಬಹುದು, ಬಯಾಲಜಿಕ್‌ಗಳಿಗೆ, ಅಂದ್ರೆ ಜೀವಂತ ಕೋಶಗಳಿಂದ ಮಾಡೋ ಪ್ರೋಟೀನ್ ಥರದ ಔಷಧಿಗಳಿಗೆ, 13. ಆದ್ರೆ ಅಲ್ಲಿನ ನಿಯಮದಲ್ಲಿ 40ಕ್ಕಿಂತ ಹೆಚ್ಚು ಅಮೈನೋ ಆಸಿಡ್ ಇದ್ರೆ ಪ್ರೋಟೀನು, ಇಲ್ಲಾಂದ್ರೆ ಸಾಮಾನ್ಯ ಔಷಧಿ. ಈಗ ಎಲ್ಲರ ಬಾಯಲ್ಲಿರೋ ಸೆಮಾಗ್ಲುಟೈಡ್, ಶುಗರ್‌ಗೆ, ತೂಕ ಇಳಿಸೋಕೆ ಕೊಡೋದು, 31 ಅಮೈನೋ ಆಸಿಡ್, 4,114 ಡಾಲ್ಟನ್. ಯಾವ ಕೆಮಿಸ್ಟೂ ಅದನ್ನ ಸ್ಮಾಲ್ ಅನ್ನಲ್ಲ, ಕಾನೂನಿನ ಲೆಕ್ಕದಲ್ಲಿ ಮಾತ್ರ ಅದು ಸ್ಮಾಲ್ ಮಾಲಿಕ್ಯೂಲ್‌ಗಳ ಸಾಲಿಗೆ ಬೀಳುತ್ತೆ. ಇನ್ಸುಲಿನ್ 51 ಅಮೈನೋ ಆಸಿಡ್, ಅದು ಅಲ್ಲಿ ದಶಕಗಟ್ಟಲೆ ಸಾಮಾನ್ಯ ಔಷಧಿಯ ಪಟ್ಟಿಯಲ್ಲಿದ್ದು 2020ರ ಮಾರ್ಚಲ್ಲಿ ಬಯಾಲಜಿಕ್ ಆಯ್ತು. ಅಣು ಬದಲಾಗಲಿಲ್ಲ, ಫೈಲ್ ಬದಲಾಯ್ತು.

ಸೆಮಾಗ್ಲುಟೈಡ್ ಮಾತ್ರೆನೂ ಬಂದಿದೆಯಲ್ಲ, 4,000 ಡಾಲ್ಟನ್‌ದು ಹೇಗೆ ಮಾತ್ರೆ ಆಯ್ತು ಅಂತ ಕೇಳಬಹುದು. ಹೀರಿಕೊಳ್ಳೋಕೆ ಸಹಾಯ ಮಾಡೋ ಇನ್ನೊಂದು ಸಣ್ಣ ಅಣು ಜೊತೆಗಿಟ್ಟು, ಖಾಲಿ ಹೊಟ್ಟೇಲಿ, ಅರ್ಧ ಲೋಟ ನೀರಲ್ಲಿ ನುಂಗಿ ಅರ್ಧ ಗಂಟೆ ಏನೂ ತಿನ್ನದೆ ಇದ್ರೂ ರಕ್ತಕ್ಕೆ ಸೇರೋದು ನೂರಕ್ಕೆ ಒಂದು ಪಾಲಿನ ಆಸುಪಾಸು. ಅದಕ್ಕೇ ಅದೇ ಕೆಲಸ ಮಾಡೋ ನಿಜವಾದ ಸಣ್ಣ ಅಣು ಹುಡುಕೋಕೆ ಕಂಪನಿಗಳು ಅಷ್ಟು ದುಡ್ಡು ಸುರಿದಿದ್ದು. ಓರ್ಫೋರ್ಗ್ಲಿಪ್ರಾನ್ ಅಂತ ಒಂದಿದೆ, 883 ಡಾಲ್ಟನ್, ಗಡಿ ಅಂಚಲ್ಲೇ ನಿಂತಿರೋದು, ಆದ್ರೆ ಖಾಲಿ ಹೊಟ್ಟೆಯ ಕಟ್ಟುಪಾಡು ಅದಕ್ಕಿಲ್ಲ.

ಕೊನೆಗೆ ಸಭೆಯಿಂದ ಒಬ್ರು ತಾಯಿ ಕೇಳಿದ ಪ್ರಶ್ನೆ ಚೆನ್ನಾಗಿತ್ತು, ಅದನ್ನೂ ಸೇರಿಸ್ತೀನಿ. ವಿಟಮಿನ್ ಬಿ12 ಸಣ್ಣದೋ ದೊಡ್ಡದೋ, ಯಾಕಂದ್ರೆ ಡಾಕ್ಟರು ಒಬ್ಬರಿಗೆ ಮಾತ್ರೆ ಕೊಡ್ತಾರೆ ಇನ್ನೊಬ್ಬರಿಗೆ ಇಂಜೆಕ್ಷನ್ ಕೊಡ್ತಾರೆ ಅಂದ್ರು. ಅಮ್ಮಾ, ಬಿ12 ಸುಮಾರು 1,355 ಡಾಲ್ಟನ್, ನಡುವೆ ಕೋಬಾಲ್ಟ್ ಇಟ್ಕೊಂಡಿರೋ ವಿಟಮಿನ್ನು, ವಿಟಮಿನ್‌ಗಳಲ್ಲೇ ದೊಡ್ಡದು. ಅದರ ಆಕಾರ ಬಿಡಿಸೋಕೆ ಡೊರೊಥಿ ಹಾಜ್ಕಿನ್ ಅನ್ನೋ ವಿಜ್ಞಾನಿ ವರ್ಷಗಟ್ಟಲೆ ಕೂರಬೇಕಾಯ್ತು. ಅಷ್ಟು ದೊಡ್ಡದು ತಾನಾಗೇ ಕರುಳು ದಾಟೋದು ಬಹಳ ಕಮ್ಮಿ, ಹೊಟ್ಟೆ ಒಂದು ಪ್ರೋಟೀನ್ ಬಿಡುಗಡೆ ಮಾಡುತ್ತೆ, ಅದು ಬಿ12ನ ಹಿಡ್ಕೊಂಡು ಸಣ್ಣ ಕರುಳಿನ ಕೊನೆ ತನಕ ಕರ್ಕೊಂಡು ಹೋಗಿ ಅಲ್ಲಿ ಒಳಗೆ ಸೇರಿಸುತ್ತೆ. ಊಟದಲ್ಲಿ ಸಾಲದೆ ಕೊರತೆ ಆಗಿದ್ರೆ ಮಾತ್ರೆ ಸಾಕಾಗಬಹುದು. ಆ ಪ್ರೋಟೀನೇ ಹೊಟ್ಟೆ ಮಾಡ್ತಿಲ್ಲ ಅಂದ್ರೆ ಇಂಜೆಕ್ಷನ್ ಕೊಡ್ತಾರೆ, ಇಲ್ಲಾ ಸಾವಿರ ಮೈಕ್ರೋಗ್ರಾಮಿನಷ್ಟು ದೊಡ್ಡ ಡೋಸ್ ಮಾತ್ರೆ ಕೊಡ್ತಾರೆ, ಅದರಲ್ಲಿ ನೂರಕ್ಕೆ ಒಂದು ಪಾಲು ತಾನಾಗೇ ನುಸುಳಿದ್ರೂ 10 ಮೈಕ್ರೋಗ್ರಾಮ್, ದಿನಕ್ಕೆ ಬೇಕಿರೋದು ಎರಡು ಎರಡೂವರೆ ಅಷ್ಟೇ.